ಲೈವ್ ಶೋಗೆ ಸ್ಟೇಜ್ ಪಿಯಾನೋ ತಗೊಳ್ಲಾ, ಸಿಂಥ್ ತಗೊಳ್ಲಾ? ಎರಡ್ರಲ್ಲಿ ಒಂದೇ ಆಗೋದು

ಕಪ್ಪು_ಬಿಳಿ_ಮನೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಾನು ಚಿಕ್ಕಂದಿನಿಂದ ಪಿಯಾನೋ ಕಲ್ತೋನು, ಒಂಬತ್ತು ವರ್ಷ ನಿಜವಾದ ಪಿಯಾನೋ ಮೇಲೇ ಕೈ ಕೂತಿದ್ದು, ಈಗ ಎರಡು ವರ್ಷದಿಂದ ಒಂದು ಬ್ಯಾಂಡ್‌ನಲ್ಲಿ ಕೀಸ್ ನುಡಿಸ್ತಿದೀನಿ. ಡ್ರಮ್ಸ್, ಬೇಸ್, ಒಂದು ಗಿಟಾರ್, ಇಬ್ರು ಹಾಡೋರು, ನಾನು. ನನ್ನ ಹತ್ರ ಇರೋದು 61 ಕೀ ಸಿಂಥ್ (ಬೇರೆ ಬೇರೆ ಸೌಂಡ್ ಹುಟ್ಟಿಸೋ ಎಲೆಕ್ಟ್ರಾನಿಕ್ ಕೀಬೋರ್ಡ್), ಒಳಗೆ ಬರೀ ಸ್ಪ್ರಿಂಗ್ ಇರೋ ಹಗುರ ಕೀಗಳು. ಸ್ಟೇಜ್ ಪಿಯಾನೋ ಅಂದ್ರೆ ಪಿಯಾನೋ ಥರ ಭಾರದ ಕೀ ಇರೋ, ಶೋಗೆ ಹೊತ್ಕೊಂಡು ಹೋಗೋ ಎಲೆಕ್ಟ್ರಾನಿಕ್ ಪಿಯಾನೋ.

ಹೋದ ಶೋನಲ್ಲಿ ಒಂದು ನಿಧಾನದ ಹಾಡು ಇತ್ತು, ಶುರುಗೆ ಎಂಟು ಬಾರ್ (ತಾಳದ ಸುತ್ತು) ನಾನೊಬ್ನೇ ನುಡಿಸ್ಬೇಕು, ಆಮೇಲೆ ಹಾಡೋ ಅಕ್ಕ ಮೆಲ್ಲಗೆ ಸೇರ್ಕೋತಾರೆ. ಮೂರನೇ ಬಾರಲ್ಲಿ ಒಂದು ಸ್ವರ ಧಡಾರ್ ಅಂತ ಎದ್ಬಿಡ್ತು, ಅದನ್ನ ಮುಚ್ಚೋಕೆ ಮುಂದಿನದನ್ನ ಮೆತ್ತಗೆ ಒತ್ತಿದ್ರೆ ಅದು ಕೇಳಿಸ್ಲೇ ಇಲ್ಲ. ಆಮೇಲೆ ಎಡಗೈ ಕೆಳಗೆ ಇಳೀಬೇಕಾದ ಕಡೆ ಕೀನೇ ಮುಗ್ದೋಗಿತ್ತು, ಕಿರುಬೆರಳು ಹೋಗಿ ಪ್ಲಾಸ್ಟಿಕ್ ಅಂಚಿಗೆ ತಗುಲ್ತು. ಅಕ್ಕ ತಿರುಗಿ ನನ್ನ ಕಡೆ ನೋಡಿದ್ರು. ಅವತ್ತಿಂದ ತಲೇಲಿ ಇದೇ ಓಡ್ತಿದೆ.

ಆದ್ರೆ ಅದೇ ಶೋನಲ್ಲಿ ಬ್ರಾಸ್ (ತುತ್ತೂರಿ ಥರದ) ಸೌಂಡ್ ಇದೆ, ಸ್ಟ್ರಿಂಗ್ಸ್ (ಪಿಟೀಲು ಗುಂಪಿನ) ಸೌಂಡ್ ಇದೆ, ಎರಡು ಹಾಡಲ್ಲಿ ಬೆಂಡ್ ಮಾಡಿ, ಅಂದ್ರೆ ಸ್ವರ ಜಗ್ಗಿ, ನುಡಿಸೋ ಲೀಡ್ (ಮುಖ್ಯ ರಾಗದ ತುಣುಕು) ಇದೆ, ಅಲ್ಲೆಲ್ಲ ಈ ಸಿಂಥ್ ನನಗೆ ತುಂಬಾ ಆಸರೆ. ಹಳೇದನ್ನ ಕೊಟ್ಟೇ ಹೊಸದು ತಗೋಬೇಕು, ಅದಕ್ಕೇ ಎರಡೂ ಇಟ್ಕೊಳ್ಳೋ ದಾರಿ ಇಲ್ಲ. ಲೈವ್‌ನಲ್ಲಿ ನುಡಿಸೋರು ಯಾರಾದ್ರೂ ಅನುಭವದಿಂದ ಹೇಳಿ.

ಒಂದೇ_ಬ್ಯಾಗ್:
ತೂಕ ನೋಡದೆ ಏನೂ ತೀರ್ಮಾನ ಮಾಡ್ಬೇಡಿ ಬ್ರದರ್. 88 ಕೀ ಹ್ಯಾಮರ್ ಆಕ್ಷನ್ (ಪಿಯಾನೋ ಥರ ಸುತ್ತಿಗೆ ತೂಕ ಇರೋ ಕೀ) ಅಂದ್ರೆ ಯಮಾಹಾ ಸಿಪಿ88 ಹದಿನೆಂಟು ಕೆಜಿ ದಾಟುತ್ತೆ, ರೋಲ್ಯಾಂಡ್ ಆರ್‌ಡಿ-2000 ಇಪ್ಪತ್ತೊಂದು ದಾಟುತ್ತೆ, ಇದು ಬರೀ ವಾದ್ಯದ ತೂಕ, ಮೇಲೆ ಕೇಸ್ ಬೇರೆ ಸ್ಟ್ಯಾಂಡ್ ಬೇರೆ. ಶೋ ಮುಗಿದು ರಾತ್ರಿ ಮೆಟ್ಟಿಲು ಇಳಿಸುವಾಗ ಒಬ್ರೇ ಇದ್ರೆ ಸೊಂಟ ಹಿಡ್ಕೊಳ್ಳುತ್ತೆ, ನನಗೆ ಆಗಿದೆ. 61 ಕೀ ಸಿಂಥ್ ಆದ್ರೆ ಹೆಗಲಿಗೆ ಹಾಕ್ಕೊಂಡು ಹೋಗ್ಬಹುದು.

ಹಳೇ_ಆರ್ಗನ್:
ಮೊದಲು ಹೆಸರು ನೋಡಿ ಮೋಸ ಹೋಗ್ಬೇಡಿ ತಮ್ಮಾ. ಈಗಿನ ಎಷ್ಟೋ ಸ್ಟೇಜ್ ಪಿಯಾನೋಗಳಲ್ಲಿ ಸಿಂಥ್ ಭಾಗಾನೂ ಕೊಟ್ಟಿರ್ತಾರೆ, ದೊಡ್ಡ ಸಿಂಥ್‌ಗಳಲ್ಲಿ ಚೆನ್ನಾಗಿರೋ ಪಿಯಾನೋ ಸ್ಯಾಂಪಲ್ಲೂ (ರೆಕಾರ್ಡ್ ಮಾಡಿದ ಸ್ವರ) ಇರುತ್ತೆ, ಸೌಂಡ್ ಪಟ್ಟಿ ಇಟ್ಕೊಂಡು ಹೋಲಿಸಿದ್ರೆ ಎರಡೂ ಒಂದೇ ಥರ ಕಾಣುತ್ತೆ. ನಿಜವಾದ ವ್ಯತ್ಯಾಸ ಇರೋದು ಕೀ ಕೆಳಗೆ ಏನಿದೆ, ಕೈ ಮುಂದೆ ಏನಿದೆ ಅನ್ನೋದ್ರಲ್ಲಿ.

ಕೀ ಕೆಳಗೆ ಅಂದ್ರೆ, ಹ್ಯಾಮರ್ ಆಕ್ಷನ್‌ನಲ್ಲಿ ಕೀ ಒತ್ತಿದಾಗ ಒಳಗೆ ಒಂದು ತೂಕ ಎದ್ದು ಬೀಳುತ್ತೆ, ಬೆರಳು ಎಷ್ಟು ವೇಗವಾಗಿ ಹೋಗ್ತಿದೆ ಅನ್ನೋದು ಕೈಗೇ ಗೊತ್ತಾಗುತ್ತೆ. ಮಿಡಿ ಅನ್ನೋ ಡಿಜಿಟಲ್ ವಾದ್ಯಗಳ ಭಾಷೇಲಿ ಆ ವೇಗಕ್ಕೆ 1ರಿಂದ 127ರವರೆಗೆ ಒಂದು ಅಂಕಿ ಬೀಳುತ್ತೆ ಅಷ್ಟೇ. ಸ್ಪ್ರಿಂಗ್ ಕೀನಲ್ಲಿ ಆ ತೂಕ ಇಲ್ಲ, ಬೆರಳಿಗೆ ಹಿಡಿತ ಸಿಗಲ್ಲ, ನೀವು 40 ಅಂದ್ಕೊಂಡು ಒತ್ತಿದ್ದು 95 ಆಗಿ ಬೀಳುತ್ತೆ. ನಿಮ್ಮ ಮೂರನೇ ಬಾರಲ್ಲಿ ಆಗಿದ್ದು ಇದೇ. ಒಂಬತ್ತು ವರ್ಷ ಪಿಯಾನೋ ಮೇಲೆ ಬೆಳೆದ ಕೈ ಆ ತೂಕಾನ ಹುಡುಕ್ತಾ ಇರುತ್ತೆ, ಅದ್ರಲ್ಲಿ ನಿಮ್ಮ ತಪ್ಪೇನಿಲ್ಲ.

ಕೈ ಮುಂದೆ ಅಂದ್ರೆ ಪ್ಯಾನೆಲ್. ಸ್ಟೇಜ್ ಪಿಯಾನೋದಲ್ಲಿ ಪಿಯಾನೋಗೆ ಒಂದು ಬಟನ್, ಎಲೆಕ್ಟ್ರಿಕ್ ಪಿಯಾನೋಗೆ ಒಂದು, ಆರ್ಗನ್‌ಗೆ ಒಂದು, ಕತ್ತಲಲ್ಲೂ ಕೈ ಹೋಗುತ್ತೆ. ಸಿಂಥ್‌ನಲ್ಲಿ ಫಿಲ್ಟರ್ (ಸೌಂಡಿನ ಹೊಳಪು ಹೆಚ್ಚು ಕಮ್ಮಿ ಮಾಡೋದು), ಎನ್ವಲಪ್ (ಸ್ವರ ಹುಟ್ಟಿ ಸಾಯೋ ರೀತಿ), ಎಲ್‌ಎಫ್‌ಓ (ಸ್ವರ ಅಲುಗಾಡಿಸೋದು), ಇವೆಲ್ಲ ಸೌಂಡ್ ಹುಟ್ಟಿಸೋರಿಗೆ. ನೀವು ಸ್ಟೇಜ್ ಮೇಲೆ ನಿಂತು ಸೌಂಡ್ ತಿರುಚ್ತೀರಾ, ಇಲ್ಲ ರೆಡಿ ಇರೋದನ್ನ ಕರೆದು ನುಡಿಸ್ತೀರಾ?

ಈ ಗೊಂದಲ ಹೊಸದಲ್ಲ. 1970ರ ದಶಕದಲ್ಲಿ ಯಮಾಹಾ ಸಿಪಿ-70 ಅಂತ ಒಂದು ಬಂತು, ಒಳಗೆ ನಿಜವಾದ ತಂತಿ, ನಿಜವಾದ ಸುತ್ತಿಗೆ, ಎರಡು ಭಾಗ ಮಾಡಿ ಸಾಗಿಸ್ಬೇಕಿತ್ತು. ರೋಡ್ಸ್ ಅನ್ನೋ ಎಲೆಕ್ಟ್ರಿಕ್ ಪಿಯಾನೋನೂ ಭಾರಾನೇ. ಅದೇ ಹೊತ್ತಲ್ಲಿ ಮಿನಿಮೂಗ್ ಥರದ ಸಿಂಥ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರ್ತಿತ್ತು, 1978ರ ಪ್ರಾಫೆಟ್-5ರಲ್ಲಿ ಐದು. 1983ರಲ್ಲಿ ಯಮಾಹಾ ಡಿಎಕ್ಸ್7 ಸಿಂಥ್ ಬಂದಾಗ ಹದಿನಾರು ಸ್ವರ, ಜೊತೆಗೆ ರೋಡ್ಸ್ ಥರಾನೇ ಅನ್ನಿಸೋ ಒಂದು ಸೌಂಡ್, ಅದೂ ಒಬ್ರೇ ಎತ್ಕೊಂಡು ಹೋಗೋ 61 ಕೀ ಡಬ್ಬದಲ್ಲಿ. ತುಂಬಾ ಜನ ಭಾರ ಇಳಿಸಿ ಅದಕ್ಕೆ ಹೋದ್ರು. ಸೌಂಡ್ ಸಿಕ್ತು, ಕೀ ಕೆಳಗಿನ ತೂಕ ಹೋಯ್ತು. ಅವತ್ತಿನ ಕೊಡು ಕೊಳ್ಳುವಿಕೆ ಇವತ್ತಿಗೂ ಹಾಗೇ ಇದೆ.

ಒಂದು ಕೆಲಸ ಮಾಡಿ. ನಿಮ್ಮ ಹಾಡಿನ ಪಟ್ಟಿ ತಗೊಂಡು ಪ್ರತಿ ಹಾಡಿನ ಮುಂದೆ ಬರೀರಿ: ಯಾವ ಸೌಂಡ್, ಎಡಗೈ ಎಲ್ಲೀವರೆಗೆ ಇಳಿಯುತ್ತೆ, ಹಾಡಿನ ಮಧ್ಯ ಸೌಂಡ್ ಬದಲಾಗುತ್ತಾ, ಎರಡು ಕೈಗೆ ಎರಡು ಸೌಂಡ್ ಬೇಕಾ. ಬರೆದು ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಫಿಲ್ಟರ್_ಕಟಾಫ್:
ಆರ್ಗನ್ ಅಣ್ಣ ಹೇಳಿದ್ದು ಬಹುಪಾಲು ಒಪ್ತೀನಿ, ಆದ್ರೆ ರೆಡಿ ಸೌಂಡ್ ಕರೆದು ನುಡಿಸೋರಿಗೆ ಸಿಂಥ್ ಬೇಡ ಅನ್ನೋ ಧ್ವನಿ ಇದೆಯಲ್ಲ, ಅದನ್ನ ಒಪ್ಪಲ್ಲ. ಒಂದು ಪ್ಯಾಡ್ (ಹಿನ್ನೆಲೇಲಿ ಉದ್ದಕ್ಕೆ ನಿಲ್ಲೋ ಸೌಂಡ್) ಹಿಡ್ಕೊಂಡು ಹಾಡು ಏರ್ತಾ ಏರ್ತಾ ಫಿಲ್ಟರ್ ಮೆಲ್ಲಗೆ ತೆಗೀತಾ ಹೋದ್ರೆ ಇಡೀ ಬ್ಯಾಂಡ್ ಅಗಲ ಆದಂಗೆ ಆಗುತ್ತೆ, ಆ ಕೆಲಸ ಪಿಯಾನೋ ಕೈಲಿ ಆಗಲ್ಲ. ಪಿಯಾನೋ ಸ್ವರ ಹುಟ್ಟಿದ ಕ್ಷಣದಿಂದ ಸಾಯ್ತಾ ಹೋಗುತ್ತೆ, ಹಿಡಿದ ಸ್ವರವನ್ನ ಬೆಳೆಸೋಕೆ ಆಗಲ್ಲ. ಸಿಂಥ್‌ನಲ್ಲಿ ಆಗುತ್ತೆ. ಆಫ್ಟರ್‌ಟಚ್ ಇದ್ರೆ ಒತ್ತಿದ ಬೆರಳನ್ನ ಇನ್ನೊಂಚೂರು ಅದುಮಿ ವೈಬ್ರೇಟೋ ತರ್ಬಹುದು, ಎಷ್ಟೋ ಸ್ಟೇಜ್ ಪಿಯಾನೋಗಳಲ್ಲಿ ಅದು ಇರಲ್ಲ.

ಇನ್ನೊಂದು, ಹೊಸದು ತಗೊಳ್ಳೋಕೆ ಮುಂಚೆ ಈಗಿರೋದ್ರಲ್ಲಿ ವೆಲಾಸಿಟಿ ಕರ್ವ್ (ಎಷ್ಟು ಜೋರಾಗಿ ಒತ್ತಿದ್ರೆ ಎಷ್ಟು ಜೋರು ಸ್ವರ ಅನ್ನೋ ಸೆಟ್ಟಿಂಗ್) ಬದಲಾಯಿಸಿ ನೋಡಿದೀರಾ? ಸೆಟ್ಟಿಂಗ್ಸ್‌ನಲ್ಲಿ ಲೈಟ್, ನಾರ್ಮಲ್, ಹೆವಿ ಅಂತ ಇರುತ್ತೆ. ಹೆವಿಗೆ ಹಾಕಿ, ಸ್ವರ ಹಾರೋದು ಅರ್ಧ ಕಮ್ಮಿ ಆಗುತ್ತೆ.

ಮಿಕ್ಸರ್_ಹಿಂದೆ:
ನಾನು ನುಡಿಸೋಳಲ್ಲ, ಮಿಕ್ಸರ್ ಹಿಂದೆ ಕೂರೋಳು, ನಿಮ್ಮಂಥವರ ವಾದ್ಯ ಹೊರಗೆ ಹೇಗೆ ಕೇಳುತ್ತೆ ಅನ್ನೋದು ನನ್ನ ಕೆಲಸ. ಅಂಗಡೀಲಿ ಹೆಡ್‌ಫೋನ್ ಹಾಕ್ಕೊಂಡು ಪಿಯಾನೋ ಸೌಂಡ್ ಆರಿಸೋದು ದಯವಿಟ್ಟು ಬಿಡಿ. ಹೆಡ್‌ಫೋನ್‌ನಲ್ಲಿ ಆ ದೊಡ್ಡ ಗ್ರ್ಯಾಂಡ್ ಸ್ಟೀರಿಯೋದಲ್ಲಿ ಎಡಕ್ಕೂ ಬಲಕ್ಕೂ ಹರಡ್ಕೊಂಡು ಅದ್ಭುತ ಅನ್ಸುತ್ತೆ. ಎಷ್ಟೋ ಕಡೆ ಪಿಎ ಸಿಸ್ಟಮ್ (ಕೇಳೋರ ಕಡೆಯ ಸ್ಪೀಕರ್) ಮೋನೋ, ಎಡ ಬಲ ಎರಡೂ ಸೇರಿ ಒಂದೇ. ಎರಡು ಮೈಕ್ ದೂರ ದೂರ ಇಟ್ಟು ರೆಕಾರ್ಡ್ ಮಾಡಿರೋ ಪಿಯಾನೋನ ಮೋನೋಗೆ ಸೇರಿಸಿದಾಗ ಕೆಲವು ಸ್ವರ ಒಂದನ್ನೊಂದು ತಿಂದ್ಹಾಕುತ್ತೆ, ಡಬ್ಬ ಬಡಿದಂಗೆ ಟೊಳ್ಳು ಟೊಳ್ಳಾಗಿ ಬರುತ್ತೆ. ಅದಕ್ಕೇ ಟ್ರಯಲ್ ನೋಡುವಾಗ ಒಂದೇ ಸ್ಪೀಕರ್‌ಗೆ ಹಾಕಿ, ಎಲ್/ಮೋನೋ ಜ್ಯಾಕ್ ಒಂದರಿಂದಲೇ ಕೇಳಿ. ಮೋನೋ ಪಿಯಾನೋ ಸೌಂಡ್ ಬೇರೇನೇ ಕೊಟ್ಟಿರೋ ವಾದ್ಯಗಳಿವೆ, ಹುಡುಕಿ.

ಮತ್ತೆ ಎಡಗೈ ವಿಷಯ. ಪಿಯಾನೋದ ಅತಿ ಕೆಳಗಿನ ಸ್ವರ 27.5 ಹರ್ಟ್ಸ್, ನಾಲ್ಕು ತಂತಿ ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಬ್ಯಾಂಡ್ ಪೂರ್ತಿ ನುಡಿಸುವಾಗ ನೀವು ಅಲ್ಲಿಗೆ ಇಳಿದ್ರೆ ನಾನು ಫೇಡರ್ (ನಿಮ್ಮ ಸೌಂಡಿನ ಮಟ್ಟ) ಇಳಿಸ್ಲೇಬೇಕಾಗುತ್ತೆ, ಬೇರೆ ದಾರಿ ಇಲ್ಲ, ಬೇಸ್, ಕಿಕ್ ಡ್ರಮ್, ನಿಮ್ಮ ಎಡಗೈ ಮೂರೂ ಸೇರಿ ಗುಂಯ್ ಅನ್ನುತ್ತೆ. 73 ಕೀ ವಾದ್ಯ ಸಾಮಾನ್ಯವಾಗಿ ಶುರು ಆಗೋದೇ ಬೇಸ್ ಗಿಟಾರ್‌ನ ಆ ಖಾಲಿ ತಂತಿಯ ಸ್ವರದಿಂದ. 88 ಬೇಕೇ ಬೇಕು ಅನ್ನೋಕೆ ಮುಂಚೆ ಇದನ್ನ ಯೋಚ್ನೆ ಮಾಡಿ.

ಕಪ್ಪು_ಬಿಳಿ_ಮನೆ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಪಟ್ಟಿ ಬರೆದೆ. ಒಟ್ಟು 24 ಹಾಡು. ಪಿಯಾನೋ ಅಥವಾ ಎಲೆಕ್ಟ್ರಿಕ್ ಪಿಯಾನೋ 13, ಆರ್ಗನ್ 5, ಸ್ಟ್ರಿಂಗ್ಸ್ ಮೇಲೆ ಬ್ರಾಸ್ ಅಂತ ಕೀಬೋರ್ಡ್ ಹಂಚ್ಕೊಂಡು ನುಡಿಸೋದು 4, ಬೆಂಡ್ ಲೀಡ್ 2. ಎಡಗೈ 61 ಕೀ ದಾಟಿ ಕೆಳಗೆ ಹೋಗೋದು ಬರೀ ಮೂರು ಹಾಡಲ್ಲಿ, ಅದೂ 73 ಕೀ ಇದ್ರೆ ಸಾಕು. ಈ ಅಂಕಿ ನೋಡಿ ನನಗೇ ಆಶ್ಚರ್ಯ ಆಯ್ತು, 88 ಇಲ್ದೆ ಆಗಲ್ಲ ಅಂತಲೇ ಅಂದ್ಕೊಂಡಿದ್ದೆ.

ಕರ್ವ್ ಹೆವಿಗೆ ಹಾಕಿ ಒಂದು ವಾರ ನುಡಿಸ್ದೆ. ನಿಧಾನದ ಹಾಡು ನಿಜಕ್ಕೂ ಸ್ವಲ್ಪ ಹತೋಟಿಗೆ ಬಂತು. ಆದ್ರೆ ಜೋರು ಹಾಡಲ್ಲಿ ಎಷ್ಟು ಗುದ್ದಿದ್ರೂ ಸ್ವರ ಮೇಲೇಳ್ತಾ ಇಲ್ಲ, ಮುಂಗೈ ನೋವು ಬಂತು.

ಫಿಲ್ಟರ್_ಕಟಾಫ್:
13 ಅಂದ ತಕ್ಷಣ ಪಿಯಾನೋ ಗೆದ್ದಂಗಲ್ಲ ಗೆಳೆಯ. ಆ 13ರಲ್ಲಿ ಪಿಯಾನೋ ಬರಿಮೈಲಿ ಕೇಳೋದು ಎಷ್ಟು ಹಾಡಲ್ಲಿ? ಡ್ರಮ್ಸು ಗಿಟಾರು ಜೊತೆಗಿದ್ದಾಗ ನಿಮ್ಮ ಬೆರಳಿನ ಸೂಕ್ಷ್ಮ ಯಾರಿಗೂ ತಲುಪಲ್ಲ, ಎಲ್ಲಾನೂ ಆ ವೇಗದ ಅಂಕಿಲಿ 90ರಿಂದ 120ರ ಮಧ್ಯಾನೇ ಬೀಳ್ತಿರುತ್ತೆ. ಆರ್ಗನ್ ಐದು ಹಾಡು ಇದೆಯಲ್ಲ, ಹ್ಯಾಮರ್ ಕೀ ಮೇಲೆ ಅಂಗೈಲಿ ಜಾರಿಸಿ ನೋಡಿ, ಕೀ ತುದಿ ಚರ್ಮಕ್ಕೆ ಹೊಡೆಯುತ್ತೆ. ಬ್ರಾಸ್‌ನ ಚುಟುಕು ಹೊಡೆತಾನೂ ಹಗುರ ಕೀಲೇ ಚುರುಕಾಗಿ ಬರೋದು. ನನ್ನ ಕೇಳಿದ್ರೆ 76 ಕೀ ಸೆಮಿ ವೆಯ್ಟೆಡ್ (ಸ್ಪ್ರಿಂಗ್ ಜೊತೆ ಸ್ವಲ್ಪ ತೂಕ ಇರೋ ಕೀ) ಸಿಂಥ್ ನಿಮಗೆ ಸರಿ.

ಹಳೇ_ಆರ್ಗನ್:
ಆರ್ಗನ್ ವಿಷಯ ನೂರಕ್ಕೆ ನೂರು ನಿಜ, ನಾನು ಆರ್ಗನ್ ನುಡಿಸಿ ಬಂದೋನು, ಹ್ಯಾಮರ್ ಮೇಲೆ ಆ ಜಾರಿಕೆ ಸುಖ ಇಲ್ಲ. ಹ್ಯಾಮರ್ ಆಕ್ಷನ್ ಚುರುಕಿಲ್ಲ ಅನ್ನೋದು ಮಾತ್ರ ಅಷ್ಟು ಸರಿಯಲ್ಲ, ಮೂರು ಸೆನ್ಸರ್ ಇರೋದಾದ್ರೆ ಕೀ ಪೂರ್ತಿ ಮೇಲೆ ಬರೋಕೆ ಮುಂಚೇನೇ ಮತ್ತೆ ಒತ್ತಬಹುದು.

ಆದ್ರೆ ಕೇಳೋರಿಗೆ ಗೊತ್ತಾಗಲ್ಲ ಅನ್ನೋ ವಾದ ಇದೆಯಲ್ಲ, ಅದು ನನಗೆ ಹಿಡಿಸಲ್ಲ. ಸ್ಪರ್ಶ ಕೇಳೋರಿಗೋಸ್ಕರ ಇರೋದಲ್ಲ, ನುಡಿಸೋರಿಗೆ. ಕೈಗೆ ನಂಬಿಕೆ ಇದ್ರೆ ಕಿವಿ ಬೇರೆಯವರ ಕಡೆ ಹೋಗುತ್ತೆ, ಡ್ರಮ್ಮರ್ ಏನ್ ಮಾಡ್ತಿದಾನೆ, ಹಾಡೋರು ಎಲ್ಲಿ ಉಸಿರು ತಗೋತಾರೆ ಅಂತ. ಕೀ ಮೇಲೆ ನಂಬಿಕೆ ಇಲ್ದಾಗ ನಾವು ನಮ್ಮ ಬೆರಳನ್ನೇ ಕಾಯ್ತಾ ಕೂರ್ತೀವಿ, ಬ್ಯಾಂಡ್ ಕೈಬಿಟ್ಟು ಹೋಗುತ್ತೆ. ನಾನು ಇದನ್ನ ವರ್ಷಗಟ್ಲೆ ಅನುಭವಿಸಿದೀನಿ.

ಇನ್ನೊಂದು ತಿದ್ದುಪಡಿ, ಸ್ಟೇಜ್ ಪಿಯಾನೋದಲ್ಲಿ ಬೆಂಡ್ ಇರಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಸಿಪಿ73, ಸಿಪಿ88, ಆರ್‌ಡಿ-2000 ಇವಕ್ಕೆಲ್ಲ ಇದೆ. ನಾರ್ಡ್ ಪಿಯಾನೋ 5, ನಾರ್ಡ್ ಎಲೆಕ್ಟ್ರೋ 6 ಇವಕ್ಕೆ ಇಲ್ಲ, ನಾರ್ಡ್ ಸ್ಟೇಜ್‌ಗೆ ಇದೆ. ನೋಡಿ ತಗೊಳ್ಳಿ.

ಒಂದೇ_ಬ್ಯಾಗ್:
73 ಕೀಗೆ ಬಂದ್ರೆ ನನ್ನ ತಕರಾರು ಅರ್ಧ ಹೋಯ್ತು, ಸಿಪಿ73 ಸುಮಾರು 13 ಕೆಜಿ. ಅಡಾಪ್ಟರ್ ಇದೆಯಾ, ಒಳಗೇ ಪವರ್ ಸಪ್ಲೈ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ. ನನ್ನದು ಸಣ್ಣ ಪಿನ್ ಅಡಾಪ್ಟರ್, ಒಂದ್ಸಲ ಹಾಡಿನ ಮಧ್ಯ ಯಾರೋ ವಯರ್ ತುಳಿದು ಪಿನ್ ಕಳಚ್ತು, ಮತ್ತೆ ಆನ್ ಆಗೋವರೆಗೂ ನಾನು ಸುಮ್ನೆ ನಿಂತಿದ್ದೆ. ಈಗ ವಯರನ್ನ ಸ್ಟ್ಯಾಂಡ್ ಕಾಲಿಗೆ ಒಂದು ಸುತ್ತು ಸುತ್ತಿ ಟೇಪ್ ಹಾಕ್ತೀನಿ, ಎಳೆದ್ರೂ ಪಿನ್‌ಗೆ ಬರಲ್ಲ.

ಮಿಕ್ಸರ್_ಹಿಂದೆ:
ಸೌಂಡ್ ಬದಲಾಯಿಸುವಾಗ ಹಿಂದಿನ ಸ್ವರ ಕಟ್ ಆಗುತ್ತಾ ಅನ್ನೋದನ್ನೂ ನೋಡಿ. ಪೆಡಲ್ ಒತ್ತಿ ಪಿಯಾನೋ ಹಿಡ್ಕೊಂಡು ಸ್ಟ್ರಿಂಗ್ಸ್‌ಗೆ ಹೋದಾಗ ಕೆಲವು ವಾದ್ಯಗಳಲ್ಲಿ ಪಿಯಾನೋ ಟಕ್ ಅಂತ ನಿಂತುಬಿಡುತ್ತೆ. ಆ ಖಾಲಿ ಹೊರಗೆ ಎಷ್ಟು ದೊಡ್ಡದಾಗಿ ಕೇಳುತ್ತೆ ಅಂತ ನುಡಿಸೋರಿಗೆ ಅಂದಾಜು ಸಿಗಲ್ಲ. ಪಾಲಿಫೊನಿನೂ (ಒಟ್ಟಿಗೆ ಎಷ್ಟು ಸ್ವರ ಬರುತ್ತೆ ಅನ್ನೋದು) ಹಾಗೇ, 128 ಅಂತ ಬರ್ದಿದ್ರೆ ಅಷ್ಟೂ ಸ್ವರ ಅಂತಲ್ಲ, ಸ್ಟೀರಿಯೋ ಸ್ಯಾಂಪಲ್ ಆದ್ರೆ ಎಷ್ಟೋ ವಾದ್ಯಗಳಲ್ಲಿ ಒಂದು ಸ್ವರಕ್ಕೆ ಎರಡು ಖರ್ಚಾಗುತ್ತೆ, ಮೇಲೆ ಸ್ಟ್ರಿಂಗ್ಸ್ ಸೇರಿಸಿ ಪೆಡಲ್ ಒತ್ತಿದ್ರೆ ಇನ್ನೂ ಬೇಗ ಮುಗಿಯುತ್ತೆ.

ಕಪ್ಪು_ಬಿಳಿ_ಮನೆ:
ಹತ್ತು ದಿನ ಆದ್ಮೇಲೆ ಬರೀತಿದೀನಿ. ಸ್ನೇಹಿತರೊಬ್ರ ಹತ್ರ 73 ಕೀ ಹ್ಯಾಮರ್ ಸ್ಟೇಜ್ ಪಿಯಾನೋ ಇತ್ತು, ಎರಡು ರಿಹರ್ಸಲ್‌ಗೆ ಕೇಳಿ ತಂದೆ. ನನ್ನ ಸಿಂಥ್ ಪಕ್ಕದಲ್ಲೇ ಇಟ್ಟು ಆರು ಹಾಡು ಎರಡ್ರಲ್ಲೂ ನುಡಿಸಿ, ಕೋಣೆ ಕೊನೇಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ಯಾವುದು ಯಾವುದು ಅಂತ ಹೇಳ್ದೆ ಬ್ಯಾಂಡ್‌ನವರಿಗೆ ಕೇಳಿಸ್ದೆ. ಫಿಲ್ಟರ್ ಅವರು ಹೇಳಿದ್ದು ನಿಜ. ಪೂರ್ತಿ ಬ್ಯಾಂಡ್ ಇರೋ ನಾಲ್ಕು ಹಾಡಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಬ್ರಾಸ್ ಇರೋ ಹಾಡಲ್ಲಿ ಸಿಂಥೇ ಚೆನ್ನಾಗಿದೆ ಅಂದ್ರು. ನಿಧಾನದ ಹಾಡು ಬಂದಾಗ ಮಾತ್ರ ಎಲ್ರೂ ಸ್ಟೇಜ್ ಪಿಯಾನೋದ ರೆಕಾರ್ಡಿಂಗನ್ನೇ ತೋರಿಸಿದ್ರು.

ಆದ್ರೆ ತೀರ್ಮಾನ ಮಾಡಿಸಿದ್ದು ರೆಕಾರ್ಡಿಂಗ್ ಅಲ್ಲ. ನುಡಿಸುವಾಗ ಅಕ್ಕ ಎರಡನೇ ಸಾಲಿಗೆ ಮುಂಚೆ ಉಸಿರು ಎಳ್ಕೊಂಡಿದ್ದು ನನಗೆ ಕೇಳಿಸ್ತು, ನಾನು ಕಾರ್ಡ್ ಅರ್ಧ ಕ್ಷಣ ತಡೆದು ಅವರ ಜೊತೇಲೇ ಇಟ್ಟೆ. ಎರಡು ವರ್ಷದಿಂದ ಆ ಹಾಡು ನುಡಿಸ್ತಿದೀನಿ, ಆ ಉಸಿರು ಯಾವತ್ತೂ ನನ್ನ ಕಿವಿಗೆ ಬಿದ್ದಿರ್ಲಿಲ್ಲ. ಹಾಡು ಮುಗಿದ್ಮೇಲೆ ಅವರೇ ಬಂದು ಕೇಳಿದ್ರು, ಇವತ್ತು ಏನ್ ಬದಲಾಯಿಸ್ದೆ ನೀನು ಅಂತ.

73 ಕೀ ಸ್ಟೇಜ್ ಪಿಯಾನೋ, ಬೆಂಡ್ ಇರೋದೇ, ತಗೋತಿದೀನಿ. ಕಳ್ಕೊಳ್ಳೋದೂ ಗೊತ್ತು. ಆರ್ಗನ್ ಜಾರಿಸಿ ಕೈ ಅಂಚು ಕೆಂಪಾಯ್ತು, ಆ ಐದು ಹಾಡಲ್ಲಿ ಜಾರಿಕೆ ಕಮ್ಮಿ ಮಾಡಿ ಕಾರ್ಡ್ ಹಿಡಿದು ನುಡಿಸ್ತೀನಿ. ಎರಡು ಲೀಡ್‌ನಲ್ಲಿ ಒಂದನ್ನ ಗಿಟಾರ್‌ನವನಿಗೆ ಕೊಟ್ಟಾಯ್ತು, ಅವನು ಖುಷಿಯಾಗಿ ತಗೊಂಡ. ಪ್ಯಾಡ್ ತೆರೆಯೋ ಹಾಡು ಒಂದಿದೆ, ಅದು ಮಾತ್ರ ಮನಸ್ಸಿಗೆ ಚುಚ್ಚುತ್ತೆ.

ಫಿಲ್ಟರ್_ಕಟಾಫ್:
ಕೈ ಹೇಳಿದ್ಮೇಲೆ ನಾನೇನು ಹೇಳಲಿ, ಒಳ್ಳೇದಾಗ್ಲಿ. ಆ ಪ್ಯಾಡ್ ಹಾಡನ್ನ ಬಿಡ್ಬೇಡಿ. ಎಕ್ಸ್‌ಪ್ರೆಶನ್ ಪೆಡಲ್ (ಕಾಲಲ್ಲಿ ಮಟ್ಟ ಏರಿಸಿ ಇಳಿಸೋದು) ಒಂದು ಹಾಕ್ಕೊಳ್ಳಿ, ಪಿಯಾನೋ ಹಾಗೇ ಇರ್ಲಿ, ಸ್ಟ್ರಿಂಗ್ಸ್ ಲೇಯರ್ ಮಾತ್ರ ಪೆಡಲ್‌ನಲ್ಲಿ ಮೇಲೆ ಬರೋ ಥರ ಸೆಟ್ ಮಾಡಿ. ಫಿಲ್ಟರ್ ತೆರೆದಂಗೇ ಅನ್ಸಲ್ಲ, ಆದ್ರೆ ಹಾಡು ಏರೋದು ಸಿಗುತ್ತೆ. ಯಾವತ್ತಾದ್ರೂ ಸಣ್ಣ 37 ಕೀ ಸಿಂಥ್ ಸ್ಟ್ಯಾಂಡಿನ ಮೇಲಿನ ಹಂತಕ್ಕೆ ಸೇರಿಸೋ ಕಾಲ ಬಂದ್ರೆ ನನಗೆ ಹೇಳಿ.

ಹಳೇ_ಆರ್ಗನ್:
ಪೆಡಲ್ ಅಂದ್ರಲ್ಲ, ಒಂದು ಮಾತು. ಹಳೇ ಸಸ್ಟೇನ್ ಪೆಡಲ್ (ಸ್ವರ ಹಿಡಿದಿಡೋದು) ಹೊಸದಕ್ಕೆ ಹಾಕಿದಾಗ ಉಲ್ಟಾ ಕೆಲಸ ಮಾಡಿದ್ರೆ ಗಾಬರಿ ಬೀಳ್ಬೇಡಿ, ಅಂದ್ರೆ ಕಾಲು ಎತ್ತಿದಾಗ ಹಿಡಿಯೋದು, ಒತ್ತಿದಾಗ ಬಿಡೋದು. ಕಂಪನಿಯಿಂದ ಕಂಪನಿಗೆ ಸ್ವಿಚ್ ಉಲ್ಟಾ ಇರುತ್ತೆ. ಪೆಡಲ್ ಮೊದಲು ಚುಚ್ಚಿ, ಕಾಲು ತೆಗೆದು, ಆಮೇಲೆ ಪವರ್ ಆನ್ ಮಾಡಿ, ಸುಮಾರು ವಾದ್ಯಗಳು ತಾವೇ ಸರಿ ಮಾಡ್ಕೊಳ್ತವೆ. ಇಲ್ಲಾಂದ್ರೆ ಮೆನುನಲ್ಲಿ ಪೋಲಾರಿಟಿ ಅಂತ ಇರುತ್ತೆ. ಎಕ್ಸ್‌ಪ್ರೆಶನ್ ಪೆಡಲ್‌ಗೂ ಇದೇ ಕಥೆ, ವೈರಿಂಗ್ ಬೇರೆ ಬೇರೆ, ಕೇಳಿ ತಗೊಳ್ಳಿ.

ಮಿಕ್ಸರ್_ಹಿಂದೆ:
ಶೋ ದಿನ ಎರಡು ಲೈನ್ ಕೊಡ್ಬೇಡಿ, ಮೋನೋ ಅಂತ ಗೊತ್ತಿದ್ರೆ ಒಂದೇ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ ಮಿಕ್ಸರ್‌ಗೆ ಸೇರಿಸೋ ಡಬ್ಬ) ಸಾಕು. ವಾದ್ಯದೊಳಗಿನ ರಿವರ್ಬ್ (ಗುಂಗಿನ ಎಫೆಕ್ಟ್) ಆಫ್ ಮಾಡಿ, ಅದನ್ನ ಹೊರಗೆ ಹಾಕೋದು ನಮ್ಮ ಕೆಲಸ. ಸೌಂಡ್ ಚೆಕ್‌ನಲ್ಲಿ ಅತಿ ಮೆಲ್ಲಗಿನ ಹಾಡನ್ನೂ ಅತಿ ಜೋರಿನದನ್ನೂ ಎರಡೂ ನುಡಿಸಿ ತೋರಿಸಿ, ಎಲ್ರೂ ಜೋರಿನದು ಮಾತ್ರ ನುಡಿಸಿ ಎದ್ದೋಗ್ತಾರೆ, ಆಮೇಲೆ ಆ ಮೆಲ್ಲಗಿನದು ಬಂದಾಗ ನಾನು ಫೇಡರ್ ಹುಡುಕ್ತಿರ್ತೀನಿ.

ಕಪ್ಪು_ಬಿಳಿ_ಮನೆ:
ಎಲ್ಲಾ ಬರ್ಕೊಂಡೆ ಮೇಡಂ. ನಿನ್ನೆ ವಾದ್ಯ ಬಂತು, ಪೆಡಲ್ ಉಲ್ಟಾನೇ ಆಗಿತ್ತು, ಆಫ್ ಮಾಡಿ ಆರ್ಗನ್ ಅಣ್ಣ ಹೇಳಿದಂಗೇ ಆನ್ ಮಾಡ್ದೆ, ಸರಿ ಹೋಯ್ತು. ಬರೋ ಶನಿವಾರ ಶೋ. ಆ ನಿಧಾನದ ಹಾಡನ್ನ ಮೊದಲ ಹಾಡಾಗಿ ಇಟ್ಕೊಂಡಿದೀವಿ, ಅಕ್ಕ ಅವರೇ ಕೇಳಿದ್ದು.